ಹಾಳಾದ್ದಕ್ಕೆ ಎಷ್ಟೊಂದು ಹೆಸರು!

2021ರ ಡಿಸೆಂಬರ್. ಪಾವಗಡದ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಮೊದಲ ಸಲ ಸಮುದ್ರ ನೋಡಲೆಂದು ವಿಶಾಖಪಟ್ಟಣಕ್ಕೆ ಬಂದಿದ್ದಳು. ಸಂಜೆಯೆಲ್ಲಾ ಆರ್.ಕೆ. ಬೀಚಿನಲ್ಲಿ ಕಾಲು ನೆನೆಸಿಕೊಂಡದ್ದಾಯಿತು. ದಡದ ಮೇಲೆ ಎಳೆದು ನಿಲ್ಲಿಸಿರುವ ಕುರುಸುರಾ ಜಲಾಂತರ್ಗಾಮಿಯೊಳಗೆ ಬಗ್ಗಿಕೊಂಡು ಹೋಗಿ, "ಇದ್ರಾಗೆ ತಿಂಗಳುಗಟ್ಲೆ ಇರ್ತಿದ್ರಾ? ಪಾಪ, ಯಾರ ಮಕ್ಕಳೋ" ಎಂದು ಮರುಗಿದ್ದೂ ಆಯಿತು. ಮಗ ಬ್ಯಾಂಕಿನಲ್ಲಿ ಆಫೀಸರು. ಒಂದು ದಿನವಾದರೂ ದೊಡ್ಡ ಹೋಟೆಲಿನಲ್ಲಿ ಊಟ ಮಾಡಿಸಬೇಡವೇ? ಬೀಚ್ ರೋಡಿನಲ್ಲೇ ಇದ್ದ, ನಕ್ಷತ್ರಗಳಿದ್ದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ.

ಮೇಜಿನ ಮೇಲೆ ಎರಡು ಪುಸ್ತಕ ತಂದಿಟ್ಟರು. ಒಂದು ತೆಳ್ಳಗಿತ್ತು. ಇನ್ನೊಂದು ದಪ್ಪ, ಚರ್ಮದ ರಟ್ಟು, ಮೇಲೆ ಬಂಗಾರದ ಅಕ್ಷರ. ಅಮ್ಮ ಸಹಜವಾಗಿಯೇ ದಪ್ಪದ್ದನ್ನು ಎತ್ತಿಕೊಂಡಳು. ಊಟದ ಪಟ್ಟಿಯೇ ದೊಡ್ಡದಿರಬೇಕಲ್ಲ! ತಿರುವಿ ತಿರುವಿ ನೋಡಿ, ಇಂಗ್ಲಿಷ್ ಓದಲು ಬಾರದೆ ನನ್ನ ಕೈಗೆ ಕೊಟ್ಟಳು.

"ಏನೇನೈತೆ ಓದಪ್ಪ."

"ಅದು ಊಟದ್ದಲ್ಲಮ್ಮ."

"ಮತ್ತೆ ಏನುದ್ದು?"

"ಕುಡಿಯೋದ್ದು."

"ಓದು ಪರವಾಗಿಲ್ಲ, ಕೇಳಾಣ."

ಓದಿದೆ. ಸಿಂಗಲ್ ಮಾಲ್ಟ್ ಒಂದು ಪುಟ, ಹನ್ನೆರಡು ವರ್ಷದ್ದು, ಹದಿನೈದು ವರ್ಷದ್ದು, ಹದಿನೆಂಟು ವರ್ಷದ್ದು. ಬ್ಲೆಂಡೆಡ್ ಸ್ಕಾಚ್ ಒಂದು ಪುಟ. ವೋಡ್ಕಾ, ಜಿನ್, ರಮ್, ಟಕೀಲಾ. ವೈನಿನಲ್ಲಿ ಬಿಳಿ, ಕೆಂಪು, ಗುಲಾಬಿ, ನೊರೆಯದ್ದು; ಯಾವ ದೇಶದ್ದು, ಯಾವ ದ್ರಾಕ್ಷಿಯದ್ದು, ಯಾವ ಊಟಕ್ಕೆ ಒಪ್ಪುತ್ತದೆ ಎನ್ನುವುದು ಸಹಿತ. ಕಾಕ್‌ಟೇಲಿನಲ್ಲಿ ಮೊಹೀಟೊ, ಮಾರ್ಗರಿಟಾ, ಲಾಂಗ್ ಐಲ್ಯಾಂಡ್ ಐಸ್ಡ್ ಟೀ. ಬೀರಿನಲ್ಲಿ ದೇಶದ್ದು, ಪರದೇಶದ್ದು. ಪ್ರತಿಯೊಂದರ ಮುಂದೆ ಎಷ್ಟು ಮಿಲಿಲೀಟರ್, ಎಷ್ಟು ರೂಪಾಯಿ.

ಅಮ್ಮ ಕೈ ಗಲ್ಲಕ್ಕಿಟ್ಟುಕೊಂಡು ಪೂರ್ತಿ ಕೇಳಿದಳು. ಆಮೇಲೆ ಹೇಳಿದ್ದು ಒಂದೇ ಮಾತು:

"ಆ ಹಾಳಾದ್ದಕ್ಕೆ ಎಷ್ಟೊಂದು ಹೆಸರು! ನಿಮ್ಮಪ್ಪ ಕುಡಿದಿದ್ದಕ್ಕೆ ಒಂದು ಹೆಸರೂ ಇರ್ಲಿಲ್ಲ ಕಣಪ್ಪ."

ನಮ್ಮಪ್ಪ ಕುಡಿದದ್ದು ಪ್ಯಾಕೆಟ್ ಸಾರಾಯಿ. ಹಲ್ಲಲ್ಲಿ ಕಚ್ಚಿ ಹರಿದು ಬಾಯಿಗೆ ಬಿಟ್ಟುಕೊಂಡು, ಪ್ಲಾಸ್ಟಿಕ್ಕನ್ನು ಕಡಲೆಕಾಯಿ ಹೊಲದ ಬದುವಿಗೆ ಎಸೆದು ಬರುತ್ತಿದ್ದ. 1999ರಲ್ಲಿ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ತೀರಿಕೊಂಡ. ಆಗ ಅವನಿಗೆ ನಲವತ್ತನಾಲ್ಕು. ಈಗ ನಾನು ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬಂದು ನಿಂತಿದ್ದೇನೆ.

ಇಷ್ಟು ಹೇಳಿದ ಮೇಲೆ ಓದುಗರು ನಾನು ಪಾನನಿರೋಧದ ಭಾಷಣ ಶುರುಮಾಡುತ್ತೇನೆ ಅಂದುಕೊಂಡರೆ, ಇಲ್ಲ ಸ್ವಾಮಿ. ನಾನೂ ಗೆಳೆಯರ ಜತೆ ಕೂತಾಗ ಒಂದು ಬೀರು ಕುಡಿಯುವವನೇ. ನನ್ನ ಜಗಳ ಬಾಟಲಿಯ ಜತೆಗಲ್ಲ, ಆ ಎರಡು ಪುಸ್ತಕ ಇಡುವ ನ್ಯಾಯದ ಜತೆಗೆ. ಉಳ್ಳವನ ಕುಡಿತಕ್ಕೆ ಚರ್ಮದ ರಟ್ಟು, ಇಲ್ಲದವನ ಕುಡಿತಕ್ಕೆ ಕಬ್ಬಿಣದ ಸರಳು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಇದನ್ನೇ ಸರ್ಕಾರಗಳು ನೀತಿ ಅಂತ ಕರೆಯುತ್ತವೆ. ನಾನು ಹಾಗೆ ಕರೆಯಲು ತಯಾರಿಲ್ಲ.

ನಾನು ಆಂಧ್ರಕ್ಕೆ ಬಂದ ಕಥೆ ಚಿಕ್ಕದು. 2020ರ ಏಪ್ರಿಲ್ 1ರಂದು ಮಂಗಳೂರಿನ ಕಾರ್ಪೊರೇಶನ್ ಬ್ಯಾಂಕು ಮತ್ತು ಮಚಲೀಪಟ್ನಂನಲ್ಲಿ ಹುಟ್ಟಿದ ಆಂಧ್ರ ಬ್ಯಾಂಕು ಎರಡೂ ಒಂದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋದವು. ಬ್ಯಾಂಕಿನ ಬೋರ್ಡು ಬದಲಾದ ಹಿಂದೆಯೇ ನನ್ನ ಊರೂ ಬದಲಾಯಿತು. ಮೊದಲು ವಿಶಾಖಪಟ್ಟಣ, 2023ರಿಂದ ವಿಜಯವಾಡ. ಪಾವಗಡದವನಿಗೆ ತೆಲುಗು ಹೊಸದಲ್ಲ. ನಮ್ಮ ತಾಲ್ಲೂಕನ್ನು ಹೆಚ್ಚುಕಡಿಮೆ ಸುತ್ತಲೂ ಆಂಧ್ರವೇ ಅಪ್ಪಿಕೊಂಡಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಆದ್ದರಿಂದ ಇಲ್ಲಿಯ ಮದ್ಯದ ಕಥೆ ನನಗೆ ಪರರ ಮನೆಯ ಕಥೆ ಅನ್ನಿಸಲೇ ಇಲ್ಲ.

ಆ ಕಥೆ ಒಬ್ಬ ಹೆಂಗಸಿನ ಪಾಠದಿಂದ ಶುರುವಾಗುತ್ತದೆ. ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯ ಹೆಂಗಸರು ತೊಂಬತ್ತರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಅಕ್ಷರ ಕಲಿಸುವ ಪುಸ್ತಕದಲ್ಲಿ ಕುಡುಕ ಗಂಡನಿಂದ ನೊಂದ ಹೆಂಗಸಿನ ಕಥೆಯಿತ್ತು. ಓದಿದವರಿಗೆ ಅದು ಪಾಠ ಅನ್ನಿಸಲಿಲ್ಲ, ತಮ್ಮದೇ ಮನೆ ಅನ್ನಿಸಿತು. ರೋಸಮ್ಮನಂಥವರು ಮುಂದೆ ನಿಂತು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಕಿಚ್ಚು ಜಿಲ್ಲೆಯನ್ನೆಲ್ಲಾ ಹಬ್ಬಿ ಸಾರಾಯಿ ಹರಾಜನ್ನೇ ನಿಲ್ಲಿಸಿತು. 1993ರ ಅಕ್ಟೋಬರ್ 1ರಿಂದ ಕೋಟ್ಲ ವಿಜಯಭಾಸ್ಕರ ರೆಡ್ಡಿಯವರ ಸರ್ಕಾರ ರಾಜ್ಯದಲ್ಲಿ ಸಾರಾಯಿ ನಿಷೇಧಿಸಿತು. ಮುಂದಿನ ಚುನಾವಣೆಯಲ್ಲಿ ಎನ್.ಟಿ. ರಾಮರಾವ್ ಅದೇ ಮಾತು ಹಿಡಿದು ಗೆದ್ದರು. 1995ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧ ಬಂತು. 1997ರಲ್ಲಿ ಚಂದ್ರಬಾಬು ನಾಯ್ಡು ಅದನ್ನು ಸಡಿಲಿಸಿದರು. ಖಜಾನೆ ಒಣಗಿತ್ತು.

ಆ ಎರಡು ವರ್ಷ ನನಗೆ ಚೆನ್ನಾಗಿ ನೆನಪಿದೆ. ಮಡಕಶಿರಾ, ಹಿಂದೂಪುರದ ಕಡೆಯವರು ಗಡಿ ದಾಟಿ ನಮ್ಮೂರ ಸಾರಾಯಿ ಅಂಗಡಿಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಅಂಗಡಿಯವನು ಹೊಸ ಮನೆ ಕಟ್ಟಿಸಿದ. ಅಪ್ಪನಿಗೆ ಜತೆಗಾರರು ಹೆಚ್ಚಾದರು. ಅಲ್ಲಿ ಹೆಂಗಸರು ಗೆದ್ದ ಯುದ್ಧದ ಸೋಲನ್ನು ಇಲ್ಲಿ ನಮ್ಮಮ್ಮ ಅನುಭವಿಸಿದಳು. ಸರ್ಕಾರದ ಗಡಿ ನಕಾಶೆಯಲ್ಲಿರುತ್ತದೆ, ಬಾಯಾರಿಕೆಗೆ ಗಡಿಯಿಲ್ಲ.

ಈಗ 2019ಕ್ಕೆ ಬರೋಣ. ಜಗನ್ ಮೋಹನ್ ರೆಡ್ಡಿಯವರ ಪಕ್ಷ ಚುನಾವಣೆಗೆ ಮುಂಚೆ ಒಂದು ಭರವಸೆ ಕೊಟ್ಟಿತ್ತು. ಹಂತಹಂತವಾಗಿ ಪಾನನಿಷೇಧ; ಕೊನೆಗೆ ಮದ್ಯ ಸಿಗುವುದು ಐದು ನಕ್ಷತ್ರದ ಹೋಟೆಲುಗಳಲ್ಲಿ ಮಾತ್ರ. ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಂದು ಸಲ ಓದಿ. ಅಂದರೆ ಏನರ್ಥ? ಮದ್ಯ ವಿಷವಾದರೆ ಐದು ನಕ್ಷತ್ರದ ಕೆಳಗೆ ಅದು ಅಮೃತವಾಗುತ್ತದೆಯೇ? ಲಿವರಿಗೆ ನಕ್ಷತ್ರ ಎಣಿಸಲು ಬರುತ್ತದೆಯೇ? ದೂಬಗುಂಟದ ಹೆಂಗಸರು ಕೇಳಿದ್ದು ತಮ್ಮ ಮನೆಗೆ ಶಾಂತಿಯನ್ನು. ಅವರ ಹೆಸರಿನಲ್ಲಿ ಉಳ್ಳವರ ಮೇಜಿಗೆ ಮೀಸಲಾತಿ ಬರೆದರು!

ಆಂಧ್ರವೊಂದೇ ಹೀಗೆ ಯೋಚಿಸಿತು ಅಂತಲೂ ಅಲ್ಲ. ಕೇರಳ 2014ರಲ್ಲಿ ಐದು ನಕ್ಷತ್ರದ ಹೋಟೆಲುಗಳನ್ನು ಬಿಟ್ಟು ಮಿಕ್ಕ ಬಾರುಗಳನ್ನು ಮುಚ್ಚುವ ನೀತಿ ತಂದಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರ ಬದಲಾದ ಮೇಲೆ 2017ರಲ್ಲಿ ನೀತಿಯೂ ಬದಲಾಯಿತು. ಕೋರ್ಟು ಒಪ್ಪಿದ ಮೇಲೆ ಅದು ಕಾನೂನು, ಸರಿ. ಆದರೆ ಕಾನೂನಾದದ್ದೆಲ್ಲಾ ನ್ಯಾಯ ಅಂತ ಯಾವ ತಾಯಿಯೂ ಮಗುವಿಗೆ ಹೇಳಿಕೊಟ್ಟಿಲ್ಲ.

2019ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಖಾಸಗಿ ಮದ್ಯದಂಗಡಿ ಹೋಗಿ ಸರ್ಕಾರಿ ಅಂಗಡಿ ಬಂದವು. 4,380 ಇದ್ದದ್ದು 3,500ಕ್ಕೆ ಇಳಿಯಿತು, ಆಮೇಲೆ ಮೂರು ಸಾವಿರದ ಒಳಗೆ ಬಂತು. ಇದು ಒಳ್ಳೆಯದೇ. ಆದರೆ 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಂತರ ಅಂಗಡಿ ತೆರೆದ ಎರಡೇ ದಿನದಲ್ಲಿ, ಬೆಲೆಯನ್ನು ಶೇ. 75ರಷ್ಟು ಏರಿಸಿದರು. ಬೆಲೆ ಏರಿದರೆ ಜನ ಕುಡಿಯುವುದು ಬಿಡುತ್ತಾರೆ ಎನ್ನುವುದು ವಾದ. ವಿಶಾಖಪಟ್ಟಣದ ಪಕ್ಕದ ಅನಕಾಪಲ್ಲಿಯಲ್ಲಿ ಆ ಸಾಲು ಸರಿಮಾಡಲು ಶಾಲೆಯ ಮೇಷ್ಟ್ರುಗಳನ್ನು ಡ್ಯೂಟಿಗೆ ಹಾಕಿದ್ದರು. ಅಕ್ಷರದಿಂದ ಶುರುವಾದ ಚಳವಳಿ ಮೇಷ್ಟ್ರನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ನಾನಿದ್ದ ಅಪಾರ್ಟ್‌ಮೆಂಟಿನ ವಾಚ್‌ಮನ್ ಶ್ರೀಕಾಕುಳಂ ಜಿಲ್ಲೆಯವನು. ಎಲ್ಲರೂ ಅವನನ್ನು ಬಾಬಾಯ್ ಅಂತ ಕರೆಯುತ್ತಿದ್ದರು, ಅಂದರೆ ಚಿಕ್ಕಪ್ಪ. ನಾನೂ ಹಾಗೇ ಕರೆದೆ. ತಿಂಗಳ ಸಂಬಳ ಒಂಬತ್ತು ಸಾವಿರ. ಸಂಜೆಯಾದರೆ ಒಂದು ಕ್ವಾರ್ಟರ್ ಬೇಕೇ ಬೇಕು. ಬೆಲೆ ಏರಿದ ಮೇಲೆ ಬಿಟ್ಟನೇ? ಬಿಡಲಿಲ್ಲ. ಊರಿಗೆ ಕಳಿಸುವ ದುಡ್ಡು ಕಮ್ಮಿ ಮಾಡಿದ. ಮೊದಲು ಮಧ್ಯಾಹ್ನದ ಊಟ ಬಿಟ್ಟ, ಆಮೇಲೆ ಹೆಂಡತಿಯ ಫೋನು ಎತ್ತುವುದು ಬಿಟ್ಟ. ಒಂದು ದಿನ ನಾನೇ ಕೇಳಿದೆ, "ಯಾವ ಬ್ರ್ಯಾಂಡು ಬಾಬಾಯ್?" ಅವನು ನಕ್ಕ. "ಬ್ರ್ಯಾಂಡು ನಾವು ಕೇಳೋ ಹಂಗಿಲ್ಲ ಸಾರೂ. ಸರಳಿನೊಳಗೆ ದುಡ್ಡು ಚಾಚಬೇಕು, ಅವರು ಏನು ಕೊಡ್ತಾರೋ ಅದು." ಅದೂ ನಗದು ದುಡ್ಡೇ ಆಗಬೇಕು. ಬೀದಿಯಲ್ಲಿ ಮುಂತ ಮಸಾಲಾ ಮಾರುವವನೂ ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಸರ್ಕಾರದ ಅಂಗಡಿ ನೋಟು ಕೇಳುತ್ತಿತ್ತು.

ಆ ಕಾಲದ ಹೆಸರುಗಳು ಕರ್ನಾಟಕದಲ್ಲೂ ನಗೆಪಾಟಲಾಗಿದ್ದವು. ಪ್ರೆಸಿಡೆಂಟ್ ಮೆಡಲ್ ಅಂತೆ, ಬೂಮ್ ಬೂಮ್ ಬೀರಂತೆ! ಬೆಂಗಳೂರಿನ ಗೆಳೆಯರು ಫೋನು ಮಾಡಿ ಗೇಲಿ ಮಾಡುತ್ತಿದ್ದರು. ನನಗೆ ನಗು ಬರಲಿಲ್ಲ. 2020ರ ಜುಲೈ ಕೊನೆಯಲ್ಲಿ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಕೈ ತೊಳೆಯುವ ನೀರು ಕುಡಿದು ಸತ್ತವರ ಮುಂದೆ ಬ್ರ್ಯಾಂಡಿನ ಜೋಕು ಹೇಳಲು ನಾಲಗೆ ಹೇಗೆ ಏಳುತ್ತದೆ?

ಇನ್ನೂ ಒಂದು ವಿಷಯ. ಮದ್ಯ ನಿಲ್ಲಿಸುತ್ತೇವೆ ಎಂದವರು 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದರು. ತಾಯಂದಿರಿಗೆ ದುಡ್ಡು ಕೊಡುವ ಅಮ್ಮ ಒಡಿ ಥರದ ಯೋಜನೆಗಳ ಹೊಣೆಯನ್ನು ಮದ್ಯ ಮಾರುವ ನಿಗಮಕ್ಕೇ ಜೋಡಿಸಿದರು. 2022ರಲ್ಲಿ ಅದೇ ನಿಗಮ ಬಾಂಡು ಮಾರಿ ಎಂಟು ಸಾವಿರ ಕೋಟಿ ರೂಪಾಯಿಗೂ ಮೀರಿ ಸಾಲ ಎತ್ತಿತು. ನಾನು ಬ್ಯಾಂಕಿನವನು, ಸಾಲದ ಲೆಕ್ಕ ನನಗೆ ಗೊತ್ತು. ನಾಳೆ ಮುಚ್ಚುವ ಅಂಗಡಿಯ ಮೇಲೆ ಯಾರೂ ವರ್ಷಗಟ್ಟಲೆ ತೀರಿಸುವ ಸಾಲ ಎತ್ತುವುದಿಲ್ಲ. ಗಂಡನ ಜೇಬಿನಿಂದ ಸಂಜೆ ಕಿತ್ತದ್ದನ್ನು ಹೆಂಡತಿಯ ಖಾತೆಗೆ ಬೆಳಿಗ್ಗೆ ಹಾಕಿ, ಅದಕ್ಕೆ ಅಮ್ಮನ ಹೆಸರು ಇಡುವುದು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂದರೆ ಇದೇ.

ಮತ್ತೆ ಹೋಟೆಲಿಗೆ ಬರುತ್ತೇನೆ. ಅಮ್ಮ ಆ ದಪ್ಪ ಪುಸ್ತಕವನ್ನು ಬಿಡಲಿಲ್ಲ. ಮಾಣಿ ಬಂದಾಗ ತೆಲುಗಿನಲ್ಲೇ ಕೇಳಿದಳು, "ಇವನ್ನೀ ಉನ್ನಾಯಾ ನಾಯನಾ?" ಇವೆಲ್ಲಾ ಇದಾವೇನಪ್ಪಾ ಅಂತ. ಆ ಹುಡುಗ ಸಂಕೋಚದಿಂದ ನನ್ನ ಮುಖ ನೋಡಿ, ಧ್ವನಿ ಇಳಿಸಿ ಹೇಳಿದ: "ಲೇವಮ್ಮಾ. ಕಾರ್ಡುಲೋ ಮಾತ್ರಮೇ ಉನ್ನಾಯಿ." ಕಾರ್ಡಿನಲ್ಲಿ ಮಾತ್ರ ಇವೆ. ದೊಡ್ಡ ಹೋಟೆಲಿಗೂ ಸರಕು ಬರಬೇಕಾದದ್ದು ಅದೇ ಸರ್ಕಾರಿ ಡಿಪೋದಿಂದ. ಅಲ್ಲಿ ಬಂದದ್ದೇ ಬಂತು. ನಲವತ್ತು ಸಾಲಿನ ಪಟ್ಟಿಯಲ್ಲಿ ಆವತ್ತು ಇದ್ದದ್ದು ಐದೋ ಆರೋ.

ಇದನ್ನು ಕೇಳಿ ಕೆಲವರಿಗೆ ಖುಷಿಯಾಗಬಹುದು, ಉಳ್ಳವರಿಗೂ ಸಿಗಲಿಲ್ಲವಲ್ಲ ಅಂತ. ನಿಧಾನಿಸಿ. ಸಿಗದಿದ್ದರೂ ಅವನಿಗೆ ಪುಸ್ತಕವಿತ್ತು. "ಕ್ಷಮಿಸಿ ಸಾರ್" ಅನ್ನುವ ಮಾಣಿಯಿದ್ದ. ಇದ್ದ ಐದಾರರಲ್ಲಿ ಇದು ಬೇಕು, ಅದು ಬೇಡ ಅನ್ನುವ ಹಕ್ಕಿತ್ತು. ಬಾಟಲಿಯನ್ನು ಮೇಜಿಗೆ ತಂದು, ಲೇಬಲ್ ತೋರಿಸಿ, ಅಳೆದು ಹಾಕುತ್ತಿದ್ದರು. ಬಾಬಾಯ್‌ಗೆ ಏನಿತ್ತು?

ಕಾರ್ಡು ಉಳ್ಳವನಿಗೆ ಎಷ್ಟು ಹೇಳುತ್ತದೆ ಗೊತ್ತೇ? ಈ ವಿಸ್ಕಿ ಬರೀ ಬಾರ್ಲಿಯ ಮೊಳಕೆಯದ್ದು, ಇಷ್ಟು ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಲಗಿತ್ತು, ಇಂಥ ದ್ವೀಪದ್ದು, ಹೊಗೆಯ ವಾಸನೆ ಬರುತ್ತದೆ ಅಂತೆಲ್ಲಾ. ನಮ್ಮಲ್ಲಿ ವಿಸ್ಕಿ ಎಂದು ಮಾರುವ ಅಗ್ಗದ ಕ್ವಾರ್ಟರುಗಳಲ್ಲಿ ಬಹುಪಾಲು ಇರುವುದು ಕಬ್ಬಿನ ಕಾಕಂಬಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟು. ಅದಕ್ಕೆ ನೀರು ಬೆರೆಸಿ, ಬಣ್ಣ ಕೊಟ್ಟು, ವಾಸನೆ ಕಟ್ಟಿದರೆ ಒಂದು ಬಾಟಲಿ ವಿಸ್ಕಿ, ಇನ್ನೊಂದು ಬಾಟಲಿ ಬ್ರಾಂದಿ. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರಲು ಬಿಡುವುದಿಲ್ಲ. ನೂರಕ್ಕೆ 42.8 ಭಾಗ ಆಲ್ಕೊಹಾಲ್ ಎನ್ನುವ ಒಂದು ಸಾಲು ಲೇಬಲ್ಲಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ ಇರುತ್ತದೆ. ಬಾಬಾಯ್‌ಗೆ ಇಂಗ್ಲಿಷ್ ಬಾರದು. ಅವನು ಕೊಟ್ಟ ದುಡ್ಡಿನಲ್ಲಿ ಸರಕಿನ ಬೆಲೆ ಎಷ್ಟು, ಸರ್ಕಾರದ ಪಾಲು ಎಷ್ಟು ಅನ್ನುವುದಂತೂ ಯಾವ ಭಾಷೆಯಲ್ಲೂ ಇರುವುದಿಲ್ಲ. ಹೋಟೆಲಿನ ಬಿಲ್ಲಿನಲ್ಲಿ ತೆರಿಗೆಯ ಸಾಲು ಬೇರೆಯಾಗಿ ಕಾಣುತ್ತದೆ. ಹೆಚ್ಚು ಕೊಡಬಲ್ಲವನಿಗೆ ಲೆಕ್ಕ ಕೊಡುತ್ತಾರೆ, ಕೊಡಲಾರದವನಿಂದ ಲೆಕ್ಕವಿಲ್ಲದೆ ಕೀಳುತ್ತಾರೆ.

ಇಷ್ಟು ಓದಿ, "ಆಂಧ್ರದ ರಾಜಕೀಯವೇ ಹಂಗೆ ಬಿಡಿ" ಎಂದು ಕಾಲು ಚಾಚಿ ಕೂರುವ ಹಾಗಿಲ್ಲ. ಮಾತು ಈಗ ಕರ್ನಾಟಕದ್ದು.

ನಮ್ಮಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅಮ್ಮ ಆವತ್ತು ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ಎಂಟು ವರ್ಷ ತಡವಾಗಿತ್ತು, ಆದರೂ ಬಿಟ್ಟಿದ್ದಳು. ಹನ್ನೊಂದು ತಿಂಗಳೊಳಗೆ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮುಂಚೆ, 1981ರ ಜುಲೈನಲ್ಲಿ, ಬೆಂಗಳೂರಿನಲ್ಲೇ ಮುನ್ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾಗಿದ್ದರು. ಸತ್ತವರಲ್ಲಿ ಎಂ.ಜಿ. ರೋಡಿನ ಹೋಟೆಲಿನ ಗಿರಾಕಿ ಯಾರೂ ಇರಲಿಲ್ಲ ಎಂದು ಬೇರೆ ಹೇಳಬೇಕೇ?

ಸಾರಾಯಿ ಪ್ಯಾಕೆಟ್ಟು ಹೋಯಿತು. ಅದರ ಜಾಗಕ್ಕೆ ತೊಂಬತ್ತು ಮಿಲಿಯ ರಟ್ಟಿನ ಪ್ಯಾಕೆಟ್ಟು ಬಂತು. ನಮ್ಮ ಊರ ಹುಡುಗರು ಈಗ ಅದಕ್ಕೇ ಸ್ಟ್ರಾ ಚುಚ್ಚಿ, ಮಕ್ಕಳು ಮಾವಿನ ಜ್ಯೂಸು ಕುಡಿದ ಹಾಗೆ ಕುಡಿಯುತ್ತಾರೆ. ಹೊಲದ ಬದುವಿನಲ್ಲಿ ಅವೇ ಬಿದ್ದಿವೆ. ಆಂಧ್ರದಲ್ಲಿ ಬೆಲೆ ಏರಿದ್ದ ಆ ಐದು ವರ್ಷ ಅದೇ ರಟ್ಟಿನ ಪ್ಯಾಕೆಟ್ಟು ಮೂಟೆಗಟ್ಟಲೆ ಗಡಿ ದಾಟುತ್ತಿತ್ತು. ಅಲ್ಲಿಯ ಪೊಲೀಸರು ಹಿಡಿದ ಬಾಟಲಿಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಚಿತ್ರ ಪೇಪರಿನಲ್ಲಿ ಬರುತ್ತಿತ್ತು. ಸಾಗಿಸಿದವರು ಯಾರು? ಕೂಲಿ ಸಿಗದ ನಮ್ಮದೇ ಗಡಿಯ ಹುಡುಗರು. ಮಾರಿದ ದುಡ್ಡಿನ ತೆರಿಗೆ ಯಾರಿಗೆ? ಬೆಂಗಳೂರಿಗೆ.

ಕರ್ನಾಟಕ ಸರ್ಕಾರ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಗುರಿ! ಇಷ್ಟು ಶಾಲೆ ಕಟ್ಟಿಸುತ್ತೇವೆ ಅನ್ನುವುದಕ್ಕೂ ಅದೇ ಪದ, ಇಷ್ಟು ಕುಡಿಸುತ್ತೇವೆ ಅನ್ನುವುದಕ್ಕೂ ಅದೇ ಪದ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 20ರಷ್ಟು ಏರಿತು. ಅದರ ಮುಂದಿನ ತಿಂಗಳು ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾಯಿತು. ಆ ದುಡ್ಡು ಬೇಡ ಅನ್ನುವವನು ನಾನಲ್ಲ. ನಮ್ಮಮ್ಮನಿಗೂ ಬರುತ್ತದೆ, ಔಷಧಿಗೆ ಆಗುತ್ತದೆ. ಆದರೆ ಊರಿನ ಎಡಗೈಯಿಂದ ಎಷ್ಟು ಹೋಗಿ ಬಲಗೈಗೆ ಎಷ್ಟು ಬಂತು ಅನ್ನುವ ಲೆಕ್ಕವನ್ನು ಎದುರಿಗಿಡಿ ಅಂತ ಕೇಳುವುದು ತಪ್ಪೇ?

ಇನ್ನು ನಮ್ಮ ಹೆಮ್ಮೆಯ ವಿಷಯ. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದರು. 2010ರಲ್ಲಿ ಜಿಮ್ ಮರ್ರೆ ಅನ್ನುವ ಬ್ರಿಟಿಷ್ ವಿಮರ್ಶಕರು ಅವರ ಫ್ಯೂಷನ್ ವಿಸ್ಕಿಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್‌ನವರು ಎಂಬತ್ತರ ದಶಕದ ಕೊನೆಯಿಂದ ದ್ರಾಕ್ಷಿ ಬೆಳೆದು ವೈನು ಮಾಡಿದರು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ ಮಾನ್ಯತೆ ಇದೆ. ಪರಊರಿನ ಕಾರ್ಡಿನಲ್ಲಿ ಇಂಥ ಹೆಸರು ಕಂಡರೆ ನನಗೂ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಇಷ್ಟು ಚೆನ್ನಾಗಿ ಮಾಡಲು ಬರುವ ನಾಡು ತನ್ನ ಕೂಲಿಯವನಿಗೆ ಮಾತ್ರ ಕಾಕಂಬಿಯ ರಟ್ಟಿನ ಪ್ಯಾಕೆಟ್ಟು ಯಾಕೆ ಇಟ್ಟಿದೆ? ಬರುವುದಿಲ್ಲ ಅಂತಲ್ಲ, ಅವನಿಗೆ ಇಷ್ಟು ಸಾಕು ಅಂತ.

ಅವನದೇ ಆದ ಒಂದು ಪಾನೀಯ ಇತ್ತು, ಅದನ್ನೂ ಕಿತ್ತುಕೊಂಡೆವು. ಆ ಹೋಟೆಲಿನಿಂದ ಭೀಮಿಲಿಯ ಕಡೆಗೆ ಕಾರು ಬಿಟ್ಟರೆ ರಸ್ತೆಯ ಪಕ್ಕ ತಾಳೆಮರಗಳು ಸಿಗುತ್ತವೆ. ಬೆಳಿಗ್ಗೆ ಬೆಳಿಗ್ಗೆ ಗೀತ ಕಾರ್ಮಿಕರು, ಅಂದರೆ ಕಳ್ಳು ಇಳಿಸುವವರು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತುತ್ತಾರೆ. ತಾಟಿ ಕಲ್ಲು, ಈತ ಕಲ್ಲು. ಅರಕು, ಪಾಡೇರಿನ ಬೆಟ್ಟದವರದ್ದು ಜೀಲುಗು ಕಲ್ಲು, ನಮ್ಮ ಮಲೆನಾಡಿನ ಬೈನೆ ಮರದ್ದೇ. ಬೆಳಿಗ್ಗೆ ಸಿಹಿ, ಮಧ್ಯಾಹ್ನ ಹುಳಿ. ಬೀರಿನಷ್ಟೇ ಮೃದು. ಯಾರು ಇಳಿಸಿದ, ಯಾವ ಮರದ್ದು ಅಂತ ಕುಡಿಯುವವನಿಗೆ ಗೊತ್ತು. ದ್ವೀಪದ ಹೊಗೆಯ ವಾಸನೆಗೆ ಪುಟ ಮೀಸಲಿಟ್ಟ ಆ ಕಾರ್ಡಿನಲ್ಲಿ ಕೂಗಳತೆಯ ಮರಕ್ಕೆ ಒಂದು ಸಾಲೂ ಇಲ್ಲ. 2024ರ ನಂತರ ಆಂಧ್ರ ಸರ್ಕಾರ ಗೀತ ಕುಲಗಳವರಿಗೆ ಶೇ. 10ರಷ್ಟು ಮದ್ಯದಂಗಡಿ ಮೀಸಲಿಟ್ಟಿತು. ಉಪಕಾರವೇ ಇರಬಹುದು. ಆದರೆ ಮರ ಹತ್ತುತ್ತಿದ್ದವನನ್ನು ಇಳಿಸಿ ಸ್ಪಿರಿಟ್ಟು ಮಾರಲು ಕೂರಿಸಿದಂತೆಯೂ ಆಯಿತು. ದಕ್ಷಿಣ ಕನ್ನಡದ ಮೂರ್ತೆದಾರರನ್ನು ಕೇಳಿ ನೋಡಿ, ಆ ಕಸುಬು ಎಲ್ಲಿಗೆ ಬಂದು ನಿಂತಿದೆ ಅಂತ.

ಎದುರು ವಾದ ನನಗೆ ಗೊತ್ತಿದೆ. ದೊಡ್ಡ ಹೋಟೆಲಿಗೆ ಬರುವವರು ಮಿತವಾಗಿ ಕುಡಿಯುತ್ತಾರೆ, ಬಡವ ಮನೆ ಹಾಳುಮಾಡಿಕೊಳ್ಳುತ್ತಾನೆ ಅನ್ನುತ್ತಾರೆ. ಅಲ್ಲಿ ಮಿತಿ ಮೀರಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಹೊರಗೆ ಕಾರಿನಲ್ಲಿ ಕಾಯುವ ಡ್ರೈವರ್ ಇರುತ್ತಾನೆ, ಆಸ್ಪತ್ರೆಯಲ್ಲಿ ಲಿವರಿನ ಡಾಕ್ಟರ್ ಇರುತ್ತಾರೆ. ಬಡವ ಬೀಳುವುದು ಬೀದಿಯಲ್ಲಿ, ಎಲ್ಲರಿಗೂ ಕಾಣುತ್ತಾನೆ. ಕಾನೂನು ಮಾಡಿದ್ದು ಕುಡಿತಕ್ಕಲ್ಲ, ಆ ಕಾಣುವಿಕೆಗೆ. ಇನ್ನು ಕೆಲವರು, ಎಲ್ಲರಿಗೂ ಪೂರ್ತಿ ನಿಷೇಧ ಮಾಡಿ, ಸಮಾನತೆ ಬರುತ್ತದೆ ಅನ್ನುತ್ತಾರೆ. ಬರುವುದಿಲ್ಲ. 1995ರ ಸೈಕಲ್ಲು ಸವಾರರನ್ನು ಕಂಡವನು ನಾನು. ನಿಷೇಧ ಬಂದ ದಿನ ಉಳ್ಳವನ ಮನೆಯ ಕಪಾಟು ತುಂಬಿರುತ್ತದೆ. ಇಲ್ಲದವನಿಗೆ ಕಳ್ಳಭಟ್ಟಿ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಮೂರೇ. ಒಂದು, ಐದು ನಕ್ಷತ್ರಕ್ಕೆ ಒಂದು ಕಾನೂನು, ಹಳ್ಳಿಗೆ ಒಂದು ಕಾನೂನು ಅನ್ನುವುದು ನಿಲ್ಲಲಿ. ಮುಚ್ಚುವುದಾದರೆ ಮೊದಲು ಚರ್ಮದ ರಟ್ಟಿನದ್ದು ಮುಚ್ಚಲಿ. ಎರಡು, ಪ್ರತಿ ಬಾಟಲಿ, ಪ್ರತಿ ಪ್ಯಾಕೆಟ್ಟಿನ ಮೇಲೆ ಆಯಾ ನಾಡಿನ ಭಾಷೆಯಲ್ಲಿ, ದಪ್ಪಕ್ಷರದಲ್ಲಿ, ಏನರಿಂದ ಮಾಡಿದ್ದು, ಎಷ್ಟು ಆಲ್ಕೊಹಾಲ್, ಕೊಟ್ಟ ದುಡ್ಡಿನಲ್ಲಿ ಸರ್ಕಾರದ ಪಾಲು ಎಷ್ಟು ಎಂದು ಬರೆಯಲಿ. ಕಾರ್ಡು ಓದುವ ಹಕ್ಕು ಎಲ್ಲರಿಗೂ ಸಿಗಲಿ. ಮೂರು, ಊರಲ್ಲಿ ಅಂಗಡಿ ಇರಬೇಕೋ ಬೇಡವೋ ಎನ್ನುವುದನ್ನು ಆ ಊರ ಹೆಂಗಸರು ಹೇಳಲಿ. ಮಹಾರಾಷ್ಟ್ರದಲ್ಲಿ ಇದಕ್ಕೊಂದು ನಿಯಮವೇ ಇದೆ. ಮತಚೀಟಿಯಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಓದು ಬಾರದವಳೂ ಒತ್ತಬಹುದು. ಗ್ರಾಮ ಸ್ವರಾಜ್ಯದ ಮಾತಾಡುವ ಕರ್ನಾಟಕಕ್ಕೆ ಇಷ್ಟು ಮಾಡಲು ಏನು ಅಡ್ಡಿ? ನಲವತ್ತು ಸಾವಿರ ಕೋಟಿ, ಅದೇ ಅಡ್ಡಿ.

2024ರ ಅಕ್ಟೋಬರ್ 16ರಿಂದ ಆಂಧ್ರದಲ್ಲಿ ಮತ್ತೆ ಹೊಸ ನೀತಿ. ಲಾಟರಿ ಎತ್ತಿ 3,396 ಖಾಸಗಿ ಅಂಗಡಿ ಕೊಟ್ಟರು. ಹಳೆಯ ಬ್ರ್ಯಾಂಡುಗಳು ವಾಪಸು ಬಂದವು. ಬಡವರಿಗೆಂದು 99 ರೂಪಾಯಿಯ ಕ್ವಾರ್ಟರೂ ಬಂತು. ವಿಜಯವಾಡದ ಬಂದರು ರೋಡಿನ ಹೋಟೆಲಿನಲ್ಲಿ ಕಳೆದ ವರ್ಷ ಬ್ಯಾಂಕಿನ ಗೆಳೆಯರ ಬೀಳ್ಕೊಡುಗೆಗೆ ಹೋಗಿದ್ದೆ. ಮಾಣಿ ದಪ್ಪ ಪುಸ್ತಕ ಇಟ್ಟು ಹೆಮ್ಮೆಯಿಂದ, "ಈಗ ಎಲ್ಲಾ ಇದೆ ಸಾರ್" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಬಾಯ್‌ಗೆ ಫೋನು ಮಾಡಿದೆ. ಎತ್ತಿದ್ದು ಅವನ ಹೆಂಡತಿ. ಶ್ರೀಕಾಕುಳಂನಿಂದ ಮಾತಾಡಿದಳು. ಆತ ಈಗ ಕೆಲಸ ಬಿಟ್ಟು ಊರಲ್ಲೇ ಇದ್ದಾನೆ, ಹೊಟ್ಟೆ ಊದಿದೆ ಎಂದಳು.

ಬಂದರು ರೋಡಿನಿಂದ ಕೃಷ್ಣೆ ದೂರವಿಲ್ಲ. ಪ್ರಕಾಶಂ ಬ್ಯಾರೇಜಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಲಮಟ್ಟಿ, ನಾರಾಯಣಪುರ ದಾಟಿ ಬಂದ ನೀರು. ಅಲ್ಲೂ ಇಲ್ಲೂ ಒಂದೇ ನೀರು, ಒಂದೇ ಸ್ಪಿರಿಟ್ಟು, ಸರಳಿನ ಹಿಂದೆ ಚಾಚಿದ ಒಂದೇ ಕೈ. ಅಮ್ಮನಿಗೆ ಫೋನು ಮಾಡಿ ಬಾಬಾಯ್ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಅವ್ನು ಕುಡಿದಿದ್ದಕ್ಕೆ ಏನು ಹೆಸರಂತೆ?"

ಗೊತ್ತಿಲ್ಲಮ್ಮ ಅಂದೆ. ಅವನಿಗೂ ಗೊತ್ತಿರಲಿಲ್ಲ. ಮಾರಿದವರಿಗೆ ಗೊತ್ತಿತ್ತು.